ಹಳೆಯ ಕಾರಿನ ಮೇನ್ ಫ್ಯೂಸ್ ಮತ್ತು ಪವರ್ ವೈರಿಂಗ್: ಬ್ಯಾಟರಿಯಿಂದ ಫ್ಯೂಸ್ ಬಾಕ್ಸ್‌ವರೆಗೆ ಸಮಗ್ರ ಮಾರ್ಗದರ್ಶಿ

ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಟ್ಯಾಕ್ಸಿಯಾಗಿ ಮುಂಬೈ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರ್‌ನಲ್ಲಿ. ಆದರೆ ಮನೆಯವರು ಪ್ರೀತಿಯಿಂದ ಇಟ್ಟುಕೊಂಡ ಪದ್ಮಿನಿಗಳು ಇನ್ನೂ ಇವೆ. ಅಂಬಾಸಿಡರ್, ಮಾರುತಿ 800, ಹಳೆಯ ಝೆನ್, ಮೊದಲ ಇಂಡಿಕಾಗಳೂ ಇವೆ. ಮಾಟುಂಗಾ, ಚೆಂಬೂರು, ಡೊಂಬಿವಲಿಯ ಸೊಸೈಟಿ ಪಾರ್ಕಿಂಗ್‌ಗಳಲ್ಲಿ, ಪುಣೆ, ಗೋವಾದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಇಂಥ ಕಾರುಗಳನ್ನು ನೋಡುತ್ತಲೇ ಇರುತ್ತೇನೆ. ಇವರೆಲ್ಲ ಎಂಜಿನ್ ಆಯಿಲ್ ತಪ್ಪದೆ ಬದಲಾಯಿಸುತ್ತಾರೆ. ಪೇಂಟ್ ಮೇಲೆ ಒಂದು ಗೀರು ಬಿದ್ದರೂ ಒದ್ದಾಡುತ್ತಾರೆ. ಆದರೆ ಬ್ಯಾಟರಿಯ ಪಾಸಿಟಿವ್ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನರಿಗೆ ಗೊತ್ತಿರುವುದಿಲ್ಲ.

ಗೊತ್ತಿರಲೇಬೇಕು. ಬ್ಯಾಟರಿಯಿಂದ ಹೊರಟ ವೈರು ಮೊದಲ ಫ್ಯೂಸನ್ನು ಮುಟ್ಟುವವರೆಗೆ ಅದಕ್ಕೆ ಯಾವ ಕಾವಲೂ ಇಲ್ಲ. ನಿಮ್ಮ ಕಾರಿನಲ್ಲಿ ಆ ಕಾವಲಿಲ್ಲದ ವೈರು ಎಷ್ಟು ಉದ್ದ ಇದೆ, ಎಲ್ಲೆಲ್ಲಿ ತಗಡಿಗೆ ತಾಗಿಕೊಂಡು ಹೋಗುತ್ತದೆ, ಅದನ್ನು ಹೇಗೆ ಗಿಡ್ಡ ಮಾಡಬಹುದು? ಈ ಲೇಖನದ ಎಲ್ಲ ಹಂತಗಳೂ ಈ ಒಂದು ಪ್ರಶ್ನೆಗಾಗಿಯೇ ಇವೆ.

ಫ್ಯೂಸ್ ಕಾಯುವುದು ಯಾರನ್ನು?

ಫ್ಯೂಸ್ ಇರುವುದು ಹಾರ್ನ್ ಉಳಿಸಲಿಕ್ಕಲ್ಲ, ಬಲ್ಬ್ ಉಳಿಸಲಿಕ್ಕೂ ಅಲ್ಲ. ವೈರು ಉಳಿಸಲಿಕ್ಕೆ. ಹಾರ್ನ್ ಸುಟ್ಟರೆ ಹೊಸ ಹಾರ್ನ್ ಸಿಗುತ್ತದೆ. ವೈರು ಕೆಂಪಗೆ ಕಾದರೆ ಅದರ ಪಕ್ಕದ ವೈರುಗಳು, ಸೀಟಿನ ಫೋಮು, ಪೆಟ್ರೋಲ್ ಪೈಪು ಎಲ್ಲ ಅಪಾಯಕ್ಕೆ ಬೀಳುತ್ತವೆ.

ಒಂದು ಲೆಕ್ಕ ನೋಡಿ. ಒಂದು ಮೀಟರ್ ಉದ್ದದ 1 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಸುಮಾರು 0.017 ಓಮ್ ರೆಸಿಸ್ಟೆನ್ಸ್ ಇರುತ್ತದೆ. 2.5 ಸ್ಕ್ವೇರ್ ಎಂಎಂ ವೈರು ಎರಡು ಮೀಟರ್ ಇದ್ದರೆ 0.014 ಓಮ್. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ಜಾಯಿಂಟುಗಳು ಎಲ್ಲ ಸೇರಿ ಇನ್ನೊಂದು 0.01 ಹಿಡಿಯಿರಿ. ಈ ವೈರಿನ ತುದಿ ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ತಾಗಿದರೆ 12.6 ವೋಲ್ಟಿಗೆ 500 ಆಂಪ್‌ಗಿಂತ ಜಾಸ್ತಿ ಹರಿಯುತ್ತದೆ. ಆ ವೈರು ತಡೆಯುವುದು 20ರಿಂದ 25 ಆಂಪ್ ಮಾತ್ರ. ಪಿವಿಸಿ ಕವರ್ ಕರಗಲು ಕೆಲವೇ ಸೆಕೆಂಡು ಸಾಕು. ಅದೇ ದಾರಿಯಲ್ಲಿ ಬ್ಯಾಟರಿ ಪಕ್ಕದಲ್ಲೇ ಒಂದು 20 ಆಂಪ್ ಫ್ಯೂಸ್ ಇದ್ದಿದ್ದರೆ ಅದು ಸೆಕೆಂಡಿನ ಸಣ್ಣ ಭಾಗದಲ್ಲೇ ಹೋಗಿಬಿಡುತ್ತಿತ್ತು.

ಇನ್ನೊಂದು ವಿಷಯ. 10 ಆಂಪ್ ಫ್ಯೂಸ್ 10 ಆಂಪ್ ದಾಟಿದ ಕೂಡಲೇ ಹೋಗುವುದಿಲ್ಲ. ಈಗಿನ ಚಪ್ಪಟೆ ಬ್ಲೇಡ್ ಫ್ಯೂಸು ತನ್ನ ರೇಟಿಂಗಿನ 135 ಪರ್ಸೆಂಟ್ ಕರೆಂಟಿಗೆ ಹತ್ತು ನಿಮಿಷದವರೆಗೂ ತಡೆದುಕೊಳ್ಳಬಹುದು. 200 ಪರ್ಸೆಂಟಿಗೆ ಹೆಚ್ಚೆಂದರೆ 5 ಸೆಕೆಂಡು. ಅಂದರೆ 13 ಆಂಪ್ ಎಳೆಯುವ ಸರ್ಕ್ಯೂಟಿನಲ್ಲಿ 10 ಆಂಪ್ ಫ್ಯೂಸ್ ಹೋಗದೆ ಬರೀ ಬಿಸಿಯಾಗುತ್ತಾ ಕೂರಬಹುದು. ವೈರಿನ ತಾಕತ್ತು ಯಾವಾಗಲೂ ಫ್ಯೂಸಿಗಿಂತ ಒಂದು ಕೈ ಮೇಲಿರಬೇಕು ಎನ್ನುವುದು ಇದಕ್ಕೇ.

ಕೈ ಹಾಕುವ ಮೊದಲು

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, 21 ವಾಟಿನ ಬಲ್ಬಿಗೆ ಎರಡು ವೈರು ಕಟ್ಟಿ ಮಾಡಿದ ಟೆಸ್ಟ್ ಲ್ಯಾಂಪ್, 10 ಮತ್ತು 12 ನಂಬರ್ ಸ್ಪ್ಯಾನರ್, ವೈರ್ ಬ್ರಷ್, ಸ್ಯಾಂಡ್ ಪೇಪರ್, ಅಡುಗೆ ಸೋಡ, ವ್ಯಾಸಲೀನ್, ಟಾರ್ಚ್. ಜೊತೆಗೆ ಒಂದು ನೋಟ್‌ಬುಕ್. ಕಾರಿನಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇದ್ದರೆ, ಅಂದರೆ ಫ್ಯೂಯಲ್ ಇಂಜೆಕ್ಷನ್ ಮಾದರಿ ಆಗಿದ್ದರೆ, ಇಸಿಯು ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ತಾಗಿಸಬೇಡಿ. ಅಲ್ಲಿ ಮೀಟರ್ ಮಾತ್ರ.

ಉಂಗುರ, ಬಳೆ, ಸ್ಟೀಲ್ ಚೈನಿನ ವಾಚು ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ ಸಿಗರೇಟು ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಅದಕ್ಕೆ ಒಂದು ಕಿಡಿ ಸಾಕು.

ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಕಾರಣ ಸುಲಭ. ನೆಗೆಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಏನೂ ಆಗುವುದಿಲ್ಲ, ನೆಗೆಟಿವ್ ಮೊದಲೇ ಬಾಡಿಗೆ ಜೋಡಿಸಿರುತ್ತದೆ, ಎರಡೂ ಒಂದೇ. ನೆಗೆಟಿವ್ ಇದ್ದಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ತಗಡಿಗೆ ತಾಗಿದರೆ ನೇರ ಶಾರ್ಟ್, ಸ್ಪ್ಯಾನರ್ ಅಲ್ಲೇ ಬೆಸೆದುಕೊಂಡೀತು. ತುಂಬಾ ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಪಾಸಿಟಿವ್ ಅನ್ನೇ ಬಾಡಿಗೆ ಜೋಡಿಸಿ ಅರ್ಥ್ ಮಾಡಿರುತ್ತಾರೆ. ಅಲ್ಲಿ ಲೆಕ್ಕ ತಿರುಗುಮುರುಗು. ಯಾವ ಕೇಬಲ್ ಬಾಡಿಗೆ ಹೋಗಿದೆಯೋ ಅದನ್ನು ಮೊದಲು ಬಿಚ್ಚಿ.

ಹಂತ 1: ಕರೆಂಟಿನ ದಾರಿ ಬರೆದುಕೊಳ್ಳಿ

ನೆಗೆಟಿವ್ ಬಿಚ್ಚಿಟ್ಟು ಪಾಸಿಟಿವ್ ಟರ್ಮಿನಲ್‌ನಿಂದ ಶುರು ಮಾಡಿ. ಸಾಮಾನ್ಯವಾಗಿ ಅಲ್ಲಿಂದ ಎರಡು ದಾರಿ. ಒಂದು ದಪ್ಪ ಕೇಬಲ್, ಅದು ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿಗೆ ಅಥವಾ ಅದರ ಸೊಲೆನಾಯ್ಡಿಗೆ (ಸೆಲ್ಫಿಗೆ ಕರೆಂಟು ಬಿಡುವ ದಪ್ಪ ಸ್ವಿಚ್ಚಿಗೆ) ಹೋಗುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ನಿನ ಸೆಲ್ಫು 100 ಆಂಪ್ ಆಸುಪಾಸು ಎಳೆಯುತ್ತದೆ, ಡೀಸೆಲ್ ಇನ್ನೂ ಜಾಸ್ತಿ. ಹಾಗಾಗಿ ಈ ಕೇಬಲ್‌ಗೆ ಫ್ಯೂಸ್ ಇರುವುದಿಲ್ಲ. ಇನ್ನೊಂದು ಅದಕ್ಕಿಂತ ತೆಳು ವೈರು. ಕಾರಿನ ಉಳಿದ ಎಲ್ಲವೂ ಇದರ ಮೇಲೆ ನಿಂತಿವೆ: ಇಗ್ನಿಷನ್ ಸ್ವಿಚ್, ಲೈಟ್ ಸ್ವಿಚ್, ಫ್ಯೂಸ್ ಬಾಕ್ಸ್.

ಕೆಲವು ಕಾರುಗಳಲ್ಲಿ ಈ ತೆಳು ವೈರು ಬ್ಯಾಟರಿಯಿಂದ ಹೊರಡುವುದೇ ಇಲ್ಲ. ಸೊಲೆನಾಯ್ಡಿನ ದಪ್ಪ ಬೋಲ್ಟಿನಿಂದ ಹೊರಡುತ್ತದೆ. ಬ್ಯಾಟರಿ ಹತ್ತಿರ ಹುಡುಕಿ ಸಿಗದಿದ್ದರೆ ಅಲ್ಲಿ ನೋಡಿ.

ಮೂರನೆಯದು ಆಲ್ಟರ್ನೇಟರ್ ವೈರು. ಎಂಜಿನ್ ಓಡುವಾಗ ಕರೆಂಟು ಮಾಡಿ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್. ಇನ್ನೂ ಹಳೆಯ ಕಾರಾದರೆ ಅದರ ಜಾಗದಲ್ಲಿ ಡೈನಮೊ, ಅದರ ವೈರು ಕಟೌಟ್ (ಕರೆಂಟು ವಾಪಸ್ ಹರಿಯದಂತೆ ತಡೆಯುವ ಸ್ವಿಚ್) ಮೂಲಕ ಬರುತ್ತದೆ. ಇದು ಕರೆಂಟನ್ನು ಒಳಗೆ ತರುವ ದಾರಿ. ಅದು ಎಲ್ಲಿ ಬಂದು ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದುಕೊಳ್ಳಿ. ನಾಳೆ ಮೇನ್ ಫ್ಯೂಸ್ (ತೆಳು ವೈರಿಗೆ ಬ್ಯಾಟರಿ ಹತ್ತಿರವೇ ಕೂರುವ ಮುಖ್ಯ ಫ್ಯೂಸ್) ಹಾಕುವಾಗ ಲೆಕ್ಕ ನಿಲ್ಲುವುದು ಇದರ ಮೇಲೆ.

ನೆಗೆಟಿವ್ ಕಡೆಯನ್ನು ಮರೆಯಬೇಡಿ. ಬ್ಯಾಟರಿಯಿಂದ ಬಾಡಿಗೆ ಒಂದು, ಬಾಡಿ ಅಥವಾ ಬ್ಯಾಟರಿಯಿಂದ ಎಂಜಿನ್ನಿಗೆ ಇನ್ನೊಂದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಈ ಎರಡನೇ ಪಟ್ಟಿ ಇಲ್ಲದಿದ್ದರೆ ಸೆಲ್ಫಿನ ಕರೆಂಟು ವಾಪಸ್ ಬರಲು ದಾರಿಯಿಲ್ಲ. ಆಗ ಅದು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಬರುತ್ತದೆ. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿದ್ದರೆ ಬೇರೆ ಪರೀಕ್ಷೆಯೇ ಬೇಡ, ಎಂಜಿನ್ ಅರ್ಥ್ ಹೋಗಿದೆ.

ವೈರಿನ ಬಣ್ಣ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಕಂದು ಅಂದರೆ ಫ್ಯೂಸ್ ಇಲ್ಲದ ಬ್ಯಾಟರಿ ಕರೆಂಟು, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ಆದ ಮೇಲೆ ಫ್ಯೂಸ್ ದಾಟಿ ಬಂದದ್ದು, ನೇರಳೆ ಸದಾ ಕರೆಂಟಿರುವ ಫ್ಯೂಸ್ ಕಡೆಯದ್ದು, ಕಪ್ಪು ಅರ್ಥ್. ಆದರೆ ಮೂವತ್ತು ನಲವತ್ತು ವರ್ಷದಲ್ಲಿ ಯಾರ್ಯಾರೋ ಕೈಯಾಡಿಸಿರುತ್ತಾರೆ. ಮನೆ ವೈರಿಂಗಿನ ಹಳದಿ ವೈರು, ಸ್ಪೀಕರಿನ ವೈರು ಎಲ್ಲ ಅಲ್ಲಿ ಸಿಗುತ್ತವೆ. ಬಣ್ಣ ನೋಡಿ ಊಹೆ ಮಾಡಿ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ.

ಹಂತ 2: ನಿಮ್ಮ ಕಾರಿನ ಕಾವಲು ಯಾವ ತರಹದ್ದು?

ಮೊದಲನೆಯದು ಮೇನ್ ಫ್ಯೂಸೇ ಇಲ್ಲದ ಕಾಲ. ಮೂಲ ಮಾರಿಸ್ ವಿನ್ಯಾಸದ ಅಂಬಾಸಿಡರ್, ಫಿಯಟ್ ವಿನ್ಯಾಸದ ಪದ್ಮಿನಿ ಈ ಗುಂಪಿನವು. ಆಗಿನ ಬ್ರಿಟಿಷ್ ಕಾರುಗಳಲ್ಲಿ ಇಡೀ ಕಾರಿಗೆ ಎರಡೇ ಗಾಜಿನ ಫ್ಯೂಸ್ ಇರುತ್ತಿದ್ದವು. ಹೆಡ್‌ಲ್ಯಾಂಪು, ಇಗ್ನಿಷನ್ ಎರಡಕ್ಕೂ ಫ್ಯೂಸಿಲ್ಲ. ಫಿಯಟ್ ಪದ್ಧತಿಯಲ್ಲಿ ಫ್ಯೂಸು ಜಾಸ್ತಿ, ಆದರೆ ಇಗ್ನಿಷನ್, ಚಾರ್ಜಿಂಗ್, ಸೆಲ್ಫ್ ಸರ್ಕ್ಯೂಟುಗಳು ಸಾಮಾನ್ಯವಾಗಿ ಹೊರಗೇ. ಇದು ಮರೆತು ಬಿಟ್ಟದ್ದಲ್ಲ. ರಾತ್ರಿ ಓಡುತ್ತಿರುವ ಕಾರಿನ ಲೈಟು ಒಂದು ಫ್ಯೂಸಿನಿಂದ ಒಮ್ಮೆಗೇ ಹೋಗಬಾರದು ಎಂಬ ಯೋಚನೆ. ವೈರು ಹೊಸದಾಗಿದ್ದಾಗ ಆ ಯೋಚನೆ ಸರಿಯೇ. ವೈರಿನ ಕವರ್ ಒಣಗಿ ಬಿರುಕು ಬಿಟ್ಟ ಮೇಲೆ ಲೆಕ್ಕ ಬೇರೆ.

ಈ ಗುಂಪಿನವರಿಗೆ ಎರಡು ಮಾತು. ಬ್ರಿಟಿಷ್ ಕಂಪನಿ ಲ್ಯೂಕಸ್‌ನ ಗಾಜಿನ ಫ್ಯೂಸ್ ಮೇಲೆ 35 ಅಂತ ಇದ್ದರೆ ಅದು ಕರಗುವ ಮಟ್ಟ. ಸತತವಾಗಿ ಅದು ಹೊರುವುದು 17 ಆಂಪ್ ಮಾತ್ರ. ಅಂಗಡಿಯಲ್ಲಿ ಈಗ ಸಿಗುವ 35 ಆಂಪ್ ಗಾಜಿನ ಫ್ಯೂಸು ಸತತವಾಗಿಯೇ 35 ಹೊರುವಂಥದ್ದಿರಬಹುದು. ಅದನ್ನು ಹಾಕಿದರೆ ಕಾವಲು ಅರ್ಧಕ್ಕೆ ಇಳಿದಂತೆ. ಇನ್ನು ಪದ್ಮಿನಿಯ ಪಿಂಗಾಣಿ ಫ್ಯೂಸುಗಳು. ಬಿಳಿಯದು 8 ಆಂಪ್, ಕೆಂಪಿನದು 16. ಇವುಗಳ ಚೂಪು ತುದಿಗಳು ಎರಡು ಸ್ಪ್ರಿಂಗ್ ಕ್ಲಿಪ್ಪಿನ ನಡುವೆ ಕೂರುತ್ತವೆ. ಸಮುದ್ರದ ಗಾಳಿಗೆ ಆ ತುದಿ ಕಿಲುಬು ಹಿಡಿಯುತ್ತದೆ, ಕ್ಲಿಪ್ಪು ಸಡಿಲವಾಗುತ್ತದೆ. ಲೈಟು ಬರದಿದ್ದಾಗ ಫ್ಯೂಸನ್ನು ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿ ನೋಡಿ. ಲೈಟು ಬಂತೋ, ಕ್ಲಿಪ್ಪು ಉಜ್ಜಿ ಬಿಗಿ ಮಾಡಿದರೆ ಆಯಿತು.

ಎರಡನೆಯದು ಫ್ಯೂಸಿಬಲ್ ಲಿಂಕ್. ಜಪಾನಿ ವಿನ್ಯಾಸದ ಹಳೆಯ ಕಾರುಗಳಲ್ಲಿ ಬ್ಯಾಟರಿ ಪಾಸಿಟಿವ್ ಹತ್ತಿರ ಒಂದು ಗೇಣು ಉದ್ದದ ಬೇರೆ ತರಹದ ವೈರು ಕಂಡರೆ ಅದೇ ಇದು. ತಾನು ಕಾಯುವ ವೈರಿಗಿಂತ ಬೇಕೆಂದೇ ತೆಳು. 5 ಸ್ಕ್ವೇರ್ ಎಂಎಂ ವೈರಿಗೆ ಸುಮಾರು 2 ಸ್ಕ್ವೇರ್ ಎಂಎಂ ಲಿಂಕ್. ಜಾಸ್ತಿ ಕರೆಂಟು ಹರಿದರೆ ಒಳಗೆ ತಾಮ್ರ ಕರಗುತ್ತದೆ. ಹೊರಗಿನ ಕವರ್ ಮಾತ್ರ ಬೆಂಕಿ ಹಿಡಿಯದ ವಸ್ತುವಿನದ್ದು, ಹಾಗೇ ನಿಲ್ಲುತ್ತದೆ. ಅದಕ್ಕೇ ಕಣ್ಣಿಗೆ ಮೋಸ. ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ತುಂಡಾಗಿದೆ. ಅದರ ಜಾಗಕ್ಕೆ ಸಾಮಾನ್ಯ ವೈರಿನ ತುಂಡು ಜೋಡಿಸಬೇಡಿ. ಅದರ ಕವರ್ ಹತ್ತಿ ಉರಿಯುತ್ತದೆ.

ಮೂರನೆಯದು ಬಾನೆಟ್ ಒಳಗಿನ ಮೇನ್ ಫ್ಯೂಸ್ ಬಾಕ್ಸ್. ದೊಡ್ಡ ಬ್ಲೇಡ್ ಫ್ಯೂಸು, ಅಥವಾ ಪಾರದರ್ಶಕ ಮುಚ್ಚಳದ ಚೌಕ ಫ್ಯೂಸು. ಜಪಾನಿ ಚೌಕ ಫ್ಯೂಸಿನಲ್ಲಿ 30 ಗುಲಾಬಿ, 40 ಹಸಿರು, 50 ಕೆಂಪು, 60 ಹಳದಿ. ದೊಡ್ಡ ಬ್ಲೇಡಿನಲ್ಲಿ 30 ಹಸಿರು, 40 ಕಿತ್ತಳೆ, 50 ಕೆಂಪು, 60 ನೀಲಿ. ಎರಡರ ಬಣ್ಣ ಬೇರೆ ಬೇರೆ ಅಲ್ವಾ? ಬಣ್ಣ ಹೇಳಿ ತರಬೇಡಿ, ಅಂಕಿ ನೋಡಿ ತನ್ನಿ. ಇವುಗಳಲ್ಲಿ ಕೆಲವು ಒಳಗಿನಿಂದ ಬೋಲ್ಟ್ ಹಾಕಿ ಕೂರಿಸಿರುತ್ತವೆ. ಎಳೆದು ಬರದಿದ್ದರೆ ಇಕ್ಕಳ ಹಾಕಿ ಜಗ್ಗಬೇಡಿ, ಮೊದಲು ಪಕ್ಕದ ಮುಚ್ಚಳ ತೆಗೆದು ಬೋಲ್ಟ್ ಹುಡುಕಿ.

ಹಂತ 3: ಕಣ್ಣಿಂದ, ಕೈಯಿಂದ

ಟರ್ಮಿನಲ್ ಮೇಲಿನ ಬಿಳಿ, ನೀಲಿ ಪುಡಿಗೆ ಅಡುಗೆ ಸೋಡ ಕಲಸಿದ ನೀರು ಹಾಕಿ. ನೊರೆ ನಿಂತ ಮೇಲೆ ಶುದ್ಧ ನೀರಿನಲ್ಲಿ ತೊಳೆದು ಒರೆಸಿ. ಸೋಡ ನೀರು ಬ್ಯಾಟರಿ ಸೆಲ್ ಒಳಗೆ ಹೋಗಬಾರದು. ಲೆಡ್ ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ವ್ಯಾಸಲೀನ್ ಹಚ್ಚಿ. ಮೊದಲೇ ಹಚ್ಚಿ ಬಿಗಿ ಮಾಡಬೇಡಿ.

ಲಗ್‌ಗಳ (ವೈರಿನ ತುದಿಗೆ ಹಾಕಿ ಬೋಲ್ಟಿಗೆ ಕೂರಿಸುವ ಲೋಹದ ಉಂಗುರಗಳ) ಬುಡ ನೋಡಿ. ವೈರಿನ ಕವರ್ ಲಗ್ ಹತ್ತಿರ ಉಬ್ಬಿದ್ದರೆ, ಒತ್ತಿದಾಗ ಗರಗರ ಅಂದರೆ ಒಳಗೆ ತಾಮ್ರ ಹಸಿರಾಗಿದೆ. ಮುಂಬೈ, ಗೋವಾದ ಉಪ್ಪು ಗಾಳಿಯಲ್ಲಿ ಈ ಹಸಿರು ಕವರ್ ಒಳಗೇ ನಾಲ್ಕೈದು ಇಂಚು ಹತ್ತಿಕೊಂಡು ಹೋಗುತ್ತದೆ. ಕತ್ತರಿಸುತ್ತಾ ಹೋಗಿ, ಕೆಂಪು ತಾಮ್ರ ಸಿಕ್ಕ ಕಡೆ ಹೊಸ ಲಗ್ ಹಾಕಿ.

ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಫೈರ್‌ವಾಲ್ ತಗಡಿನ ತೂತುಗಳನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ, ಇರಲೇಬೇಕು. ಹಳೆಯ ಕಾರಿನಲ್ಲಿ ರಬ್ಬರ್ ಕಲ್ಲಿನಷ್ಟು ಗಟ್ಟಿಯಾಗಿ ಉದುರಿಹೋಗಿರುತ್ತದೆ. ತಗಡಿನ ಅಂಚು ವೈರನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ. ಹತ್ತು ರೂಪಾಯಿಯ ರಬ್ಬರಿಗೆ ಇಡೀ ಕಾರು ಉಳಿಸುವ ಶಕ್ತಿ ಇದೆ.

ಹಂತ 4: ವೋಲ್ಟೇಜ್ ಡ್ರಾಪ್ ಪರೀಕ್ಷೆ

ಕರೆಂಟು ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ಅಳೆಯುವುದೇ ವೋಲ್ಟೇಜ್ ಡ್ರಾಪ್. ಈ ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ಮಾಡುವವರು ಕಡಿಮೆ. ಆದರೆ ಹಳೆಯ ಕಾರಿನ ಪವರ್ ವೈರಿಂಗಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಮೀಟರಿನ ಕಂಟಿನ್ಯೂಟಿ (ವೈರು ತುಂಡಾಗಿಲ್ಲ ಎಂದು ತೋರಿಸುವ) ಬೀಪ್ ಕೇಳಿ ವೈರು ಚೆನ್ನಾಗಿದೆ ಅಂದುಕೊಳ್ಳಬೇಡಿ. ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಕರೆಂಟು ಹರಿಯುವಾಗ ಅಳೆದರೇ ನಿಜ ಗೊತ್ತಾಗುವುದು.

ಮೊದಲು ಬ್ಯಾಟರಿ. ರಾತ್ರಿ ಸುಮ್ನೆ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. ಅರ್ಧ ಇಳಿದ ಬ್ಯಾಟರಿಯಲ್ಲಿ ಮುಂದಿನ ಪರೀಕ್ಷೆ ಮಾಡಬೇಡಿ, ಚಾರ್ಜ್ ಮಾಡಿಸಿ ಬನ್ನಿ.

ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿನ ಪಾಸಿಟಿವ್ ವೈರು ಬಿಚ್ಚಿ ಟೇಪ್ ಸುತ್ತಿ. ಇಂಜೆಕ್ಷನ್ ಕಾರಾದರೆ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ. ಕ್ಲಾಂಪಿನ ಮೇಲಲ್ಲ, ಲೆಡ್ ಕಂಬದ ಮೇಲೇ. ಕಪ್ಪು ಕಡ್ಡಿ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನ ಮೇಲೆ. ಮನೆಯವರಿಗೆ ಐದು ಸೆಕೆಂಡು ಸೆಲ್ಫ್ ಹೊಡೆಯಲು ಹೇಳಿ. 0.5 ವೋಲ್ಟ್ ಒಳಗೆ ಬಂದರೆ ಪರವಾಗಿಲ್ಲ. ಆಮೇಲೆ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಕ್ಲೀನ್ ಲೋಹಕ್ಕೆ. ಇಲ್ಲಿ 0.3 ದಾಟಬಾರದು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ಮಧ್ಯೆ 9.6 ವೋಲ್ಟಿಗಿಂತ ಕೆಳಗೆ ಹೋದರೆ ತಪ್ಪು ಹೆಚ್ಚಾಗಿ ಬ್ಯಾಟರಿಯದ್ದು.

ಜಾಸ್ತಿ ಬಂತು ಅಂತಿಟ್ಟುಕೊಳ್ಳಿ. ಈಗ ದಾರಿಯನ್ನು ತುಂಡು ತುಂಡಾಗಿ ಅಳೆಯಿರಿ. ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಲಗ್‌ಗೆ, ಲಗ್‌ನಿಂದ ಲಗ್‌ಗೆ. ಒಂದೊಂದು ಜಾಯಿಂಟಿಗೆ 0.1 ವೋಲ್ಟಿಗಿಂತ ಜಾಸ್ತಿ ಬಂದರೆ ಕಳ್ಳ ಅಲ್ಲೇ ಸಿಕ್ಕಿದ. ಇದರ ತೂಕ ನೋಡಿ. ಒಂದು ಕೊಳೆ ಜಾಯಿಂಟಿನಲ್ಲಿ 0.01 ಓಮ್ ಇದೆ, 120 ಆಂಪ್ ಹರಿಯುತ್ತಿದೆ. 1.2 ವೋಲ್ಟ್ ಅಲ್ಲೇ ಹೋಯಿತು. ಅಷ್ಟು ಸಣ್ಣ ಜಾಗದಲ್ಲಿ 144 ವಾಟ್ ಶಾಖ. ಸೆಲ್ಫ್ ಹೊಡೆದ ಕೂಡಲೇ ಲಗ್ ಮುಟ್ಟಿದರೆ ಬಿಸಿ ಗೊತ್ತಾಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಸೆಲ್ಫ್ ಎಳೆಯುತ್ತಿಲ್ಲ ಎನ್ನುವ ಎಷ್ಟೋ ಕಾರುಗಳ ರೋಗ ಇಷ್ಟೇ.

ಹೆಡ್‌ಲ್ಯಾಂಪಿಗೂ ಇದನ್ನೇ ಮಾಡಿ. ಹೈಬೀಮ್ ಹಾಕಿ, ಬ್ಯಾಟರಿ ಪಾಸಿಟಿವ್‌ನಿಂದ ಬಲ್ಬಿನ ಹಿಂದಿನ ಪಿನ್ನಿಗೆ ಅಳೆಯಿರಿ. ಹಳೆಯ ಕಾರುಗಳಲ್ಲಿ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕವೇ ಹೋಗಿ ಬರುವುದರಿಂದ ಒಂದು ವೋಲ್ಟ್‌ಗಿಂತ ಜಾಸ್ತಿ ಅಲ್ಲೇ ಕಳೆದುಹೋಗುತ್ತದೆ. ವೋಲ್ಟೇಜ್ 10 ಪರ್ಸೆಂಟ್ ಇಳಿದರೆ ಬಲ್ಬಿನ ಬೆಳಕು ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ದೊಡ್ಡ ಬಲ್ಬ್ ಹಾಕಿಸುವ ಮೊದಲು ಫ್ಯೂಸ್ ಸಮೇತ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ.

ಹಂತ 5: ಫ್ಯೂಸ್ ಮತ್ತೆ ಮತ್ತೆ ಹೋದರೆ

ಮುಲುಂಡಿನಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯವರೊಬ್ಬರು ತರಕಾರಿ ತರಲು ಹಳೆಯ ಮಾರುತಿ ವ್ಯಾನ್ ಇಟ್ಟುಕೊಂಡಿದ್ದರು. ಹಾರ್ನ್ ಫ್ಯೂಸು ಪದೇ ಪದೇ ಹೋಗುತ್ತಿತ್ತು. "ಮಾರಾಯ್ರೇ, ಎಷ್ಟು ಸಲ ಫ್ಯೂಸ್ ಹಾಕುದು? ಡೈರೆಕ್ಟ್ ಕರ್ ದೇತಾ ಹೂಂ ಅಂತ ಗ್ಯಾರೇಜಿನವನೇ ಹೇಳಿದ, ಕೊಟ್ಟುಬಿಡ್ಲಿಯಾ?" ಅಂತ ಕೇಳಿದರು. "ಶೆಟ್ರೇ, ಫ್ಯೂಸ್ ಹೋಗ್ತಾ ಇದೆ ಅಂದ್ರೆ ಅದು ತನ್ನ ಕೆಲಸ ಮಾಡ್ತಾ ಇದೆ. ಡೈರೆಕ್ಟ್ ಮಾತ್ರ ಬೇಡ, ಗಾಡಿ ಇಲ್ಲೇ ಬಿಡಿ" ಅಂದೆ.

ಡೈರೆಕ್ಟ್ ಅಂದರೆ ಫ್ಯೂಸಿನ ಜಾಗಕ್ಕೆ ವೈರಿನ ತುಂಡು. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ಮೊಳೆ, ತಾಮ್ರದ ಎಳೆ, ದೊಡ್ಡ ರೇಟಿಂಗಿನ ಫ್ಯೂಸ್ ಎಲ್ಲವೂ ಅದೇ. ನಮ್ಮೂರಲ್ಲಾಗಲಿ ಮುಂಬೈಯಲ್ಲಾಗಲಿ, ಯಾರು ಎಷ್ಟೇ ಧೈರ್ಯ ಹೇಳಿದರೂ ಒಪ್ಪಬೇಡಿ.

ಮೊದಲು ಹೋದ ಫ್ಯೂಸನ್ನೇ ನೋಡಿ. ಗಾಜಿನ ಒಳಗೆ ಕಪ್ಪಗೆ ಅಥವಾ ಕನ್ನಡಿಯಂತೆ ಮಸಿ ಹಿಡಿದಿದ್ದರೆ ನೇರ ಶಾರ್ಟ್. ಗಾಜು ಸ್ವಚ್ಛ, ತಂತಿ ನಡುವೆ ಮಾತ್ರ ಕರಗಿದ್ದರೆ ನಿಧಾನವಾಗಿ ಆದ ಓವರ್‌ಲೋಡ್. ಫ್ಯೂಸ್ ಸರಿಯಾಗೇ ಇದ್ದು ಅದರ ಪ್ಲಾಸ್ಟಿಕ್ ಒಂದು ಕಾಲಿನ ಹತ್ತಿರ ಕರಗಿದ್ದರೆ ಕರೆಂಟಿನ ತಪ್ಪಲ್ಲ, ಸಾಕೆಟ್ ಸಡಿಲ.

ಶಾರ್ಟ್ ಹುಡುಕಲು ಫ್ಯೂಸುಗಳನ್ನು ಸುಡುತ್ತಾ ಹೋಗಬೇಡಿ. ಹೋದ ಫ್ಯೂಸ್ ತೆಗೆದು ಅದರ ಎರಡು ಕ್ಲಿಪ್ಪಿಗೆ 21 ವಾಟ್ ಬಲ್ಬಿನ ಎರಡು ವೈರು ಸಿಕ್ಕಿಸಿ. ಆ ಸರ್ಕ್ಯೂಟಿನ ಸ್ವಿಚ್ಚುಗಳೆಲ್ಲ ಆಫ್. ಬಲ್ಬು ಪೂರ್ತಿ ಉರಿದರೆ ಎಲ್ಲೋ ಬಾಡಿಗೆ ತಾಗಿದೆ. ಬಲ್ಬು ಹೆಚ್ಚೆಂದರೆ 1.75 ಆಂಪ್ ಬಿಡುತ್ತದೆ, ಹಾಗಾಗಿ ವೈರಿಗೆ ಅಪಾಯವಿಲ್ಲ, ಆರಾಮಾಗಿ ಹುಡುಕಬಹುದು. ಈಗ ವೈರಿನ ಕಟ್ಟನ್ನು ಒಂದೊಂದು ಕಡೆ ಅಲ್ಲಾಡಿಸಿ, ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ. ಯಾವಾಗ ಬಲ್ಬು ಆರಿತೋ ಅಲ್ಲಿ ನಿಲ್ಲಿ. ಆ ವ್ಯಾನಿನಲ್ಲಿ ತಗಡಿನ ತೂತಿನ ಹತ್ತಿರ ವೈರು ಎತ್ತಿದ ಕೂಡಲೇ ಬಲ್ಬು ಆರಿತು. ಗ್ರಾಮೆಟ್ ಇರಲಿಲ್ಲ. ಉಗುರಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು.

ಹಂತ 6: ಮೇನ್ ಫ್ಯೂಸ್ ಇಲ್ಲದ ಕಾರಿಗೆ ಹಾಕುವುದು

ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಕೆಲಸ. ಸೆಲ್ಫಿನ ದಪ್ಪ ಕೇಬಲ್ ಮುಟ್ಟುವುದಿಲ್ಲ. ಅದನ್ನು ಒಳ್ಳೆಯ ಸ್ಲೀವ್ ಒಳಗೆ ಹಾಕಿ, ತಗಡಿಗೆ ತಾಗದಂತೆ ಕ್ಲಿಪ್ ಹೊಡೆದರೆ ಸಾಕು. ಫ್ಯೂಸ್ ಹಾಕುವುದು ಎರಡನೇ, ತೆಳು ವೈರಿಗೆ.

ರೇಟಿಂಗ್ ಲೆಕ್ಕ ಹೀಗೆ. ಒಟ್ಟಿಗೆ ಓಡಬಹುದಾದ ಎಲ್ಲವನ್ನೂ ಕೂಡಿಸಿ. 60 ವಾಟಿನ ಎರಡು ಹೆಡ್‌ಲ್ಯಾಂಪ್ 10 ಆಂಪ್. ಎರಡು ಬ್ರೇಕ್ ಲೈಟ್ 3.5. ವೈಪರ್ ನಾಲ್ಕೈದು. ಬ್ಲೋವರ್ ಎಂಟು ಹತ್ತು. ಹಾರ್ನ್ ಐದಾರು. ಇಗ್ನಿಷನ್ ನಾಲ್ಕು. ಟೇಲ್ ಲೈಟು, ಮೀಟರ್ ಲೈಟು ಎಲ್ಲ ಸೇರಿ 40 ಆಂಪ್ ಹತ್ತಿರ ಬರುತ್ತದೆ. ಅದರ ಮೇಲೆ ಸ್ವಲ್ಪ ಜಾಗ ಬಿಟ್ಟರೆ 50 ಅಥವಾ 60.

ಈಗ ವೈರು ನೋಡಿ. ಬಾನೆಟ್ ಒಳಗಿನ ಬಿಸಿ ಲೆಕ್ಕ ಹಿಡಿದು ನಾನು ಇಟ್ಟುಕೊಂಡ ಅಳತೆ ಇದು: 1 ಸ್ಕ್ವೇರ್ ಎಂಎಂಗೆ 10 ಆಂಪ್ ಫ್ಯೂಸ್, 1.5ಕ್ಕೆ 15, 2.5ಕ್ಕೆ 20, 4ಕ್ಕೆ 30, 6ಕ್ಕೆ 40, 10ಕ್ಕೆ 60. ಹಳೆಯ ಕಾರಿನಲ್ಲಿ ಇರುವ ವೈರು 4 ಸ್ಕ್ವೇರ್ ಎಂಎಂ ಆಗಿದ್ದರೆ ಅದಕ್ಕೆ 60 ಆಂಪ್ ಫ್ಯೂಸ್ ಹಾಕಿದರೆ ಕಾವಲು ಹೆಸರಿಗೆ ಮಾತ್ರ. ಒಂದೋ 30 ಆಂಪಿಗೆ ಇಳಿಸಿ ಹೆಡ್‌ಲ್ಯಾಂಪಿಗೆ ಬೇರೆ ಫ್ಯೂಸು, ಬೇರೆ ರಿಲೇ ಕೊಡಿ. ಇಲ್ಲವೇ ಮೇನ್ ವೈರನ್ನೇ 10 ಸ್ಕ್ವೇರ್ ಎಂಎಂಗೆ ಬದಲಾಯಿಸಿ. ನನ್ನ ಒಲವು ಮೊದಲನೆಯದಕ್ಕೆ. ಮೇನ್ ಫ್ಯೂಸ್ ಹೋದರೂ ರಸ್ತೆ ಕಾಣುತ್ತದೆ.

ಆಲ್ಟರ್ನೇಟರ್ ವೈರು ಈ ಫ್ಯೂಸಿನ ಯಾವ ಕಡೆ ಸೇರುತ್ತದೆ ಎಂದು ಹಂತ 1ರಲ್ಲಿ ಬರೆದುಕೊಂಡಿರಲ್ಲ, ಈಗ ತೆಗೆದು ನೋಡಿ. ಅದು ಫ್ಯೂಸ್ ಬಾಕ್ಸ್ ಕಡೆ ಸೇರಿದರೆ ಬ್ಯಾಟರಿಗೆ ಹೋಗುವ ಚಾರ್ಜಿಂಗ್ ಕರೆಂಟೂ ಇದೇ ಫ್ಯೂಸ್ ದಾಟಬೇಕು. ಬ್ಯಾಟರಿ ಇಳಿದ ದಿನ ಅದು ಜಾಸ್ತಿ ಇರುತ್ತದೆ. ಎಂಜಿನ್ ಓಡುವಾಗ ಫ್ಯೂಸ್ ಹೋಗಿ ಆಲ್ಟರ್ನೇಟರಿಗೆ ಬ್ಯಾಟರಿ ಸಂಪರ್ಕ ತಪ್ಪಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡ್, ರೆಗ್ಯುಲೇಟರ್ ಹಾಳಾಗಬಹುದು. ಇದನ್ನು ತಪ್ಪಿಸಲು ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬೇರೆಯೇ ವೈರು, ಅದಕ್ಕೆ ಬೇರೆಯೇ ಫ್ಯೂಸ್ ಕೊಡಿ. ರೇಟಿಂಗು ಆಲ್ಟರ್ನೇಟರ್ ಮೇಲೆ ಬರೆದ ಆಂಪಿಗಿಂತ ಜಾಸ್ತಿ ಇರಲಿ, ವೈರು ಅದಕ್ಕಿಂತ ದಪ್ಪ ಇರಲಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಟ್‌ಆಫ್ ಸ್ವಿಚ್ ತಿರುಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಕೆಲಸಕ್ಕೆ ಬೋಲ್ಟ್ ಹಾಕಿ ಕೂರಿಸುವ ಮಿಡಿ ಫ್ಯೂಸ್ ಹೋಲ್ಡರ್, ಮುಚ್ಚಳ ಸಮೇತ ತನ್ನಿ. ನೆಗೆಟಿವ್ ಬಿಚ್ಚಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ, ನೀರು ನಿಲ್ಲದ ಜಾಗದಲ್ಲಿ ಹೋಲ್ಡರ್ ಕೂರಿಸಿ. ಪಾಸಿಟಿವ್ ಕ್ಲಾಂಪಿನಿಂದ ಹೋಲ್ಡರಿಗೆ 10 ಸ್ಕ್ವೇರ್ ಎಂಎಂ ಗಿಡ್ಡ ವೈರು. ಹೋಲ್ಡರಿನ ಇನ್ನೊಂದು ಬೋಲ್ಟಿಗೆ ಹಳೆಯ ತೆಳು ವೈರು, ಹೊಸ ಲಗ್ ಹಾಕಿ. ಆ ಗೇಣುದ್ದದ ವೈರಿಗೆ ಮಾತ್ರ ಇನ್ನು ಕಾವಲಿಲ್ಲ, ಅದಕ್ಕೆ ಎರಡು ಪದರ ಸ್ಲೀವ್ ಹಾಕಿ. ಲಗ್ ಅನ್ನು ಕ್ರಿಂಪಿಂಗ್ ಟೂಲಿನಲ್ಲಿ (ಲಗ್ ಒತ್ತುವ ಇಕ್ಕಳದಲ್ಲಿ) ಒತ್ತಿಸಿ. ಸುತ್ತಿಗೆಯಲ್ಲಿ ಬಡಿದದ್ದು ಒಂದು ಮಳೆಗಾಲಕ್ಕೇ ಸಡಿಲವಾಗುತ್ತದೆ. ಬರೀ ಸೋಲ್ಡರ್ ಹಾಕಿದರೆ ಜಾಯಿಂಟ್ ಬಿಸಿಯಾದಾಗ ಸೋಲ್ಡರ್ ಕರಗುತ್ತದೆ, ಅಲುಗಾಟಕ್ಕೆ ಬುಡದಲ್ಲೇ ವೈರು ಮುರಿಯುತ್ತದೆ. ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ.

ಸಾಮಾನಿಗೆ ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ಪುಣೆಯಲ್ಲಿ ನಾನಾ ಪೇಠ್ ಕಡೆ ಹೋಗಿ. ಮೀಟರ್, ಲಗ್, ಹೀಟ್ ಶ್ರಿಂಕ್‌ಗೆ ಲ್ಯಾಮಿಂಗ್ಟನ್ ರೋಡ್, ಲೋಹಾರ್ ಚಾಲ್. ವೈರು ಕೇಳುವಾಗ ಆಟೋ ಕೇಬಲ್ ಅಂತಲೇ ಕೇಳಿ. ಮನೆ ವೈರಿನ ಕವರ್ ಬಾನೆಟ್ಟಿನ ಶಾಖಕ್ಕೆ, ಆಯಿಲಿಗೆ ಮಾಡಿದ್ದಲ್ಲ. ಕೊಳ್ಳುವ ಮೊದಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಗ್ಗದ ಜಂಪರ್ ಕೇಬಲ್‌ಗಳಲ್ಲಿ ಇದು ತುಂಬಾ. ಅಲ್ಯೂಮಿನಿಯಂ ಕರೆಂಟು ಒಯ್ಯುವುದು ತಾಮ್ರದ ಸುಮಾರು 60 ಪರ್ಸೆಂಟ್ ಮಾತ್ರ, ಉಪ್ಪು ಗಾಳಿಯಲ್ಲಿ ಬೇಗ ಹಾಳು.

ಹಂತ 7: ನಿಂತ ಕಾರಿನ ಸೋರಿಕೆ, ಮಳೆಗಾಲ

ವಾರಕ್ಕೊಮ್ಮೆ ತೆಗೆಯುವ ಕಾರು ಪ್ರತಿ ಸಲ ಬ್ಯಾಟರಿ ಇಳಿಸಿಕೊಂಡಿದ್ದರೆ ಸೋರಿಕೆ ಅಳೆಯಿರಿ. ಮೀಟರ್ 10 ಆಂಪ್ ಸಾಕೆಟ್‌ಗೆ ಹಾಕಿ, ನೆಗೆಟಿವ್ ಕಂಬಕ್ಕೂ ಬಿಚ್ಚಿದ ಕ್ಲಾಂಪಿಗೂ ಮಧ್ಯೆ ಇಡಿ. ಡೋರು ಮುಚ್ಚಿರಲಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. ಇಸಿಯು ಇಲ್ಲದ ಕಾರಿನಲ್ಲಿ 0.02 ಆಂಪಿಗಿಂತ ಕಡಿಮೆ ಇರಬೇಕು. 0.3 ಇದ್ದರೆ 35 ಆಂಪ್ ಅವರ್ ಬ್ಯಾಟರಿ ಐದು ದಿನಕ್ಕೆ ಖಾಲಿ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ, ಅಂಕಿ ಬಿದ್ದ ಸರ್ಕ್ಯೂಟೇ ಕಾರಣ. ಯಾವುದಕ್ಕೂ ಬೀಳದಿದ್ದರೆ ಆಲ್ಟರ್ನೇಟರ್ ಡಯೋಡ್ ನೋಡಿ, ಹಳೆಯ ವೈರಿಂಗಿನಲ್ಲಿ ಅಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ.

ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ ಹಂತ 3 ಮತ್ತೆ ಮಾಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಮೀ ಮಳೆ ಬಿದ್ದದ್ದು ಮುಂಬೈಯವರಿಗೆ ನೆನಪಿದೆ. ಅಷ್ಟು ಬೇಡ, ಪಾರ್ಕಿಂಗಿನಲ್ಲಿ ಸೀಟಿನ ಮಟ್ಟ ನೀರು ಬಂದರೂ ಸಾಕು. ನೀರು ಇಳಿದ ಮೇಲೆ ಕೀ ತಿರುಗಿಸಬೇಡಿ. ಮೊದಲು ನೆಗೆಟಿವ್ ಬಿಚ್ಚಿ, ಕನೆಕ್ಟರುಗಳನ್ನೆಲ್ಲ ಬಿಡಿಸಿ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಬಲ್ಬಿನ ಪರೀಕ್ಷೆ ಮಾಡಿ ಒಂದೊಂದೇ ಫ್ಯೂಸ್ ಹಾಕುತ್ತಾ ಬನ್ನಿ.

ಕೆಲಸ ಮುಗಿದ ಮೇಲೆ ಒಂದು ವಾರ ಓಡಿಸಿ, ಎಲ್ಲ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ನೋಟ್‌ಬುಕ್ಕಿನ ಚಿತ್ರವನ್ನು ಲ್ಯಾಮಿನೇಟ್ ಮಾಡಿಸಿ ಬಾನೆಟ್ಟಿನ ಒಳಗೆ ಅಂಟಿಸಿ, ಪ್ರತಿ ಫ್ಯೂಸಿನ ಪಕ್ಕ ಅದರ ಆಂಪ್ ಬರೆಯಿರಿ. ಗ್ಲೋವ್ ಬಾಕ್ಸಿನಲ್ಲಿ ಅದೇ ರೇಟಿಂಗಿನ ಎರಡು ಮೇನ್ ಫ್ಯೂಸ್, ಹೋಲ್ಡರಿನ ಬೋಲ್ಟಿಗೆ ಹೊಂದುವ ಸ್ಪ್ಯಾನರ್, ಆ 21 ವಾಟಿನ ಬಲ್ಬು ಇರಲಿ.